ಚಳಿಗಾಲದ ವೆನಿಸ್: ಟಿಕೆಟ್ ಬುಕ್ ಮಾಡುವ ಮುಂಚೆ ಸೂಟ್‌ಕೇಸ್ ಎತ್ತಿ ನೋಡಿ

ವೆನಿಸ್ಸಿನ ಸಾಂತಾ ಲೂಚಿಯಾ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಅಗಲವಾದ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ನೀರು. ನಾವು ಇಳಿದದ್ದು ಜನವರಿಯ ಒಂದು ಸಂಜೆ. ಐದೂವರೆಗೇ ಕತ್ತಲಾಗಿತ್ತು. ಹೋಟೆಲಿಗೆ ‘ಹದಿನೈದು ನಿಮಿಷದ ನಡಿಗೆ’ ಅಂತ ಬುಕ್ ಮಾಡುವಾಗ ಬರೆದಿತ್ತು. ಸುಳ್ಳೇನಲ್ಲ. ಆದರೆ ದಾರಿಯಲ್ಲಿ ಏಳು ಸೇತುವೆ ಇದ್ದವು. ಒಂದೊಂದಕ್ಕೂ ಹತ್ತುವ ಮೆಟ್ಟಿಲು, ಮತ್ತೆ ಇಳಿಯುವ ಮೆಟ್ಟಿಲು. ನಮ್ಮ ಕೈಯಲ್ಲಿ 23 ಕಿಲೋದ ಎರಡು ಸೂಟ್‌ಕೇಸ್. ಮೂರನೇ ಸೇತುವೆಯ ಮೇಲೆ ಒಂದರ ಗಾಲಿ ಕಿತ್ತು ಬಂತು. ಮೆಟ್ಟಿಲ ಮೇಲೆ ಟಕ್ ಟಕ್ ಅಂತ ಪುಟಿದು ಹೋಗಿ ಕಾಲುವೆಗೆ ಬಿತ್ತು. ಹಿಂದಿನಿಂದ ತರಕಾರಿ ಟ್ರಾಲಿ ಎಳೆದುಕೊಂಡು ಬಂದ ಅಜ್ಜಿಯೊಬ್ಬರು ನಮ್ಮನ್ನು ದಾಟಿ, ಸಲೀಸಾಗಿ ಹತ್ತಿ ಇಳಿದು ಹೋದರು.

ಬೇರೆ ಊರಿಗೆ ಹೋಗುವಾಗ ನೋಡುವ ಜಾಗಗಳ ಪಟ್ಟಿ ಮೊದಲು, ಉಳಿದದ್ದು ಆಮೇಲೆ. ವೆನಿಸ್ಸಿಗೆ, ಅದೂ ಚಳಿಗಾಲದಲ್ಲಿ, ಇದನ್ನು ತಿರುಗಿಸಿ ಹಾಕಬೇಕು. ಹೊರುವ ಸಾಮಾನು, ಮಲಗುವ ಜಾಗ, ಆ ದಿನದ ನೀರಿನ ಮಟ್ಟ, ಈ ಮೂರೂ ಗೊತ್ತಾದ ಮೇಲೆ ಪಟ್ಟಿ.

1. ಯಾವ ವಾರ ಹೋಗುವುದು?

ನವೆಂಬರ್‌ನಿಂದ ಫೆಬ್ರುವರಿವರೆಗೆ ಚಳಿಗಾಲ ಅಂದರೂ ಎಲ್ಲ ವಾರವೂ ಒಂದೇ ಅಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಬೀದಿಗೆ ನೀರು ಬರುವ ಸಾಧ್ಯತೆ ಜಾಸ್ತಿ. ಕ್ರಿಸ್‌ಮಸ್‌ನಿಂದ ಜನವರಿ 6ರ ಹಬ್ಬದವರೆಗೆ ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಆಮೇಲೆ ಬರುವುದು ಮುಖವಾಡಗಳ ಕಾರ್ನಿವಲ್. ಅದು ಈಸ್ಟರ್‌ಗೆ 47 ದಿನ ಮೊದಲಿನ ಮಂಗಳವಾರ ಮುಗಿಯುತ್ತದೆ. ಅದರ ಹಿಂದಿನ ಎರಡು ವಾರ ರೂಮಿನ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಇವೆರಡರ ನಡುವೆ ಉಳಿಯುವುದು ಜನವರಿಯ ಎರಡನೇ, ಮೂರನೇ ವಾರ. ಮನೆಯಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ವಿಮಾನ ಹತ್ತಿದರೆ ಸರಿಯಾಗುತ್ತದೆ. ಊರು ಖಾಲಿ, ದರ ಕಡಿಮೆ. ಕೆಲವು ಊಟದ ಅಂಗಡಿಗಳು ಈ ಹೊತ್ತಿಗೆ ರಜೆ ಮಾಡಿ ಬಾಗಿಲು ಹಾಕಿರುತ್ತವೆ, ಅಷ್ಟು ಸಹಿಸಿಕೊಳ್ಳಬೇಕು. ಹೊರಗಿನಿಂದ ಒಂದು ದಿನಕ್ಕೆ ಬಂದು ಹೋಗುವವರಿಗೆ 2024ರಿಂದ ಪ್ರವೇಶ ಶುಲ್ಕ ಶುರುವಾಗಿದೆಯಲ್ಲ, ಅದು ಬೇಸಿಗೆ ಕಡೆಯ ಆಯ್ದ ದಿನಗಳಿಗೆ. ಜನವರಿಯಲ್ಲಿ ಅದರ ಗೊಡವೆಯಿಲ್ಲ.

2. ವೀಸಾ

ಇಟಲಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯೆಂದರೆ 15 ದಿನ ಮುಂಚೆ. ಆ ಕೊನೆಯನ್ನು ನಂಬಿಕೊಂಡು ಕೂರಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಜನವರಿಗೆ ಹೊರಡುವವರು ಅಕ್ಟೋಬರ್‌ನಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ದೊಡ್ಡವರಿಗೆ ಶುಲ್ಕ 90 ಯೂರೊ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊದ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ನೀವು ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

3. ಹೋಗುವುದು, ಇಳಿಯುವುದು

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದುಬೈ ಮೇಲೆ ಹೋಗಬಹುದು. ಇಲ್ಲವಾದರೆ ಮಿಲಾನ್‌ಗೆ ಹೋಗಿ ವೇಗದ ರೈಲು ಹಿಡಿದರೆ ಸುಮಾರು ಎರಡೂವರೆ ಗಂಟೆ, ರೋಮ್‌ನಿಂದಾದರೆ ನಾಲ್ಕು ಗಂಟೆ. ಒಂದು ವಿಷಯ ನೆನಪಿಡಿ. ‘ವೆನೆತ್ಸಿಯಾ’ ಅಂತ ಹೆಸರಿರುವ ದೊಡ್ಡ ನಿಲ್ದಾಣ ಎರಡಿವೆ. ಮೊದಲು ಬರುವ ಮೆಸ್ತ್ರೆ ನೆಲದ ಮೇಲಿನ ಊರು. ಅಲ್ಲಿ ಗಡಿಬಿಡಿಯಲ್ಲಿ ಇಳಿದುಬಿಟ್ಟವರು ಕಾಲುವೆ ಎಲ್ಲಿ ಅಂತ ಹುಡುಕುತ್ತಿರುತ್ತಾರೆ. ಇನ್ನೂ ಹತ್ತು ನಿಮಿಷ ಕೂತಿರಿ, ರೈಲು ಸಮುದ್ರದ ಮೇಲಿನ ಸೇತುವೆ ದಾಟಿ ಸಾಂತಾ ಲೂಚಿಯಾ ತಲುಪುತ್ತದೆ.

4. ರೂಮು: ಇಲ್ಲಿ ಎರಡು ದಿನ ಜಾಸ್ತಿ ತಲೆ ಕೆಡಿಸಿಕೊಳ್ಳಿ

ಮೆಸ್ತ್ರೆಯಲ್ಲಿ ಉಳಿದರೆ ದುಡ್ಡು ಉಳಿಯುತ್ತದೆ, ನಿಜ. ಬೇಸಿಗೆಯಲ್ಲಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಜನವರಿ ಕೊನೆಗೂ ಐದರ ಸುಮಾರಿಗೆ. ವೆನಿಸ್ ಚೆನ್ನಾಗಿರುವುದೇ ಆಮೇಲೆ. ದಿನದ ಜನ ವಾಪಸ್ ಹೋಗಿರುತ್ತಾರೆ, ಮಂಜು ಇಳಿದಿರುತ್ತದೆ, ಮುಂದೆ ಹೋಗುತ್ತಿರುವವರ ಹೆಜ್ಜೆ ಸದ್ದು ಕೇಳಿಸುತ್ತದೆ, ಆಳು ಕಾಣುವುದಿಲ್ಲ. ಆ ಹೊತ್ತಿನಲ್ಲಿ ರೈಲಿಗೆ ಓಡುವುದು ಬೇಡ. ಜನವರಿಯ ದರದಲ್ಲಿ ದ್ವೀಪದ ಮೇಲೆಯೇ ರೂಮು ಹಿಡಿಯಿರಿ.

ಹಿಡಿಯುವ ಮುಂಚೆ ಹೋಟೆಲಿಗೆ ಒಂದು ಮೇಲ್ ಹಾಕಿ ಇಷ್ಟು ಕೇಳಿ. ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ಸೇತುವೆ? ಲಿಫ್ಟ್ ಇದೆಯಾ? ಹಳೇ ಕಟ್ಟಡ, ಎಷ್ಟೋ ಕಡೆ ಇರುವುದಿಲ್ಲ. ರೂಮು ನೆಲಮಹಡಿಯಲ್ಲಿದೆಯಾ? ಇದ್ದರೆ ಬೇಡ ಅನ್ನಿ, ನೀರಿನ ತಂಟೆ. ರಾತ್ರಿ ಹೀಟರ್ ಇರುತ್ತದಾ? ಇದನ್ನು ಕೇಳಲು ಕಾರಣವಿದೆ. ಇಟಲಿಯಲ್ಲಿ ಕಟ್ಟಡ ಬೆಚ್ಚಗಿಡುವುದಕ್ಕೂ ಕಾನೂನಿದೆ. ವೆನಿಸ್ ಇರುವ ವಲಯದ ಮನೆಗಳಿಗೆ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 14 ಗಂಟೆ. ಹೋಟೆಲಿಗೆ ಈ ಮಿತಿ ಇಲ್ಲ, ಬಾಡಿಗೆ ಮನೆಗೆ ಇದೆ. ಬಾಡಿಗೆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಪೈಪು ತಣ್ಣಗಾದರೆ ಜಗಳಕ್ಕೆ ಹೋಗಬೇಡಿ, ಇನ್ನೊಂದು ಕಂಬಳಿ ಮೊದಲೇ ಇಸಿದುಕೊಳ್ಳಿ.

ವಿಳಾಸ ನೋಡಿ ಗಾಬರಿಯಾಗಬೇಡಿ. ಇಲ್ಲಿ ಬಾಗಿಲ ಸಂಖ್ಯೆ ಬೀದಿಗಲ್ಲ, ಇಡೀ ಬಡಾವಣೆಗೆ. ಬಡಾವಣೆ ಆರು. ‘ಕನ್ನಾರೆಜೊ 3500’ ಅಂದರೆ ಕನ್ನಾರೆಜೊದ ಸಾವಿರಾರು ಬಾಗಿಲುಗಳಲ್ಲಿ ಒಂದು. ಪಕ್ಕದ ಚರ್ಚ್ ಅಥವಾ ಸೇತುವೆಯ ಹೆಸರು ಬರೆದಿಟ್ಟುಕೊಂಡರೆ ಮಾತ್ರ ದಾರಿ ಕೇಳಬಹುದು.

5. ಸೂಟ್‌ಕೇಸ್

ತುಂಬಿದ ಮೇಲೆ ಅದನ್ನು ಎತ್ತಿಕೊಂಡು ನಿಮ್ಮ ಅಪಾರ್ಟ್‌ಮೆಂಟಿನ ಎರಡು ಮಹಡಿ ಹತ್ತಿ ಇಳಿಯಿರಿ. ಏದುಸಿರು ಬಂತಾ? ಅರ್ಧ ತೆಗೆಯಿರಿ. ಜನವರಿಯಲ್ಲಿ ಉಷ್ಣಾಂಶ ಸೊನ್ನೆಯಿಂದ ಏಳು ಡಿಗ್ರಿ ಆಸುಪಾಸು. ಅಂಕಿಗಿಂತ ತೇವ ಕಾಡುತ್ತದೆ. ಒಂದು ದಪ್ಪ ಕೋಟಿಗಿಂತ ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್ ವಾಸಿ. ನೀರು ಹೀರದ ಬೂಟು ಬೇಕೇ ಬೇಕು. ಗಮ್‌ಬೂಟು ಮಾತ್ರ ಇಲ್ಲಿಂದ ಹೊತ್ತೊಯ್ಯಬೇಡಿ. ನೀರು ಬಂದ ದಿನ ಬೂಟಿನ ಮೇಲೆ ಹಾಕುವ ಪ್ಲಾಸ್ಟಿಕ್ ಕವಚ ಬೀದಿಯಲ್ಲೇ ಮಾರುತ್ತಾರೆ.

6. ನೀರಿನ ಲೆಕ್ಕ

ಇದೊಂದು ಅರ್ಥವಾದರೆ ಅರ್ಧ ಪ್ರವಾಸ ಗೆದ್ದ ಹಾಗೆ. ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರದ ಜೊತೆಗೆ ಆಗ್ನೇಯದಿಂದ ಶಿರೊಕ್ಕೊ ಗಾಳಿ ಬೀಸಿದರೆ, ಉದ್ದನೆಯ ಆಡ್ರಿಯಾಟಿಕ್ ಸಮುದ್ರದ ನೀರು ತುದಿಯಲ್ಲಿರುವ ವೆನಿಸ್ ಕಡೆ ತಳ್ಳಿಕೊಂಡು ಬರುತ್ತದೆ. ಇದೇ ‘ಆಕ್ವಾ ಆಲ್ತಾ’. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187.

ಈ ಅಂಕಿ ನೋಡಿ ಎದೆಮಟ್ಟದ ನೀರು ಅಂದುಕೊಳ್ಳಬೇಡಿ. ಇದು 1897ರ ಸಮುದ್ರಮಟ್ಟದಿಂದ ಅಳೆದದ್ದು, ಬೀದಿಯಿಂದಲ್ಲ. ಈಗ ಸಮುದ್ರ ಒಳಬರುವ ಮೂರು ಬಾಯಿಗಳಲ್ಲಿ 78 ಉಕ್ಕಿನ ಗೇಟುಗಳಿವೆ. ‘ಮೋಸೆ’ ಅಂತ ಅದರ ಹೆಸರು. 2020ರ ಅಕ್ಟೋಬರ್ 3ರಂದು ಮೊದಲ ಸಲ ಎತ್ತಿ ಊರನ್ನು ಒಣಗಿಟ್ಟರು. ಹಾಗಾದರೆ ಚಿಂತೆ ಏಕೆ? ಸಾಮಾನ್ಯವಾಗಿ 110 ಸೆಂಟಿಮೀಟರ್ ದಾಟುವ ಮುನ್ಸೂಚನೆ ಇದ್ದರೆ ಗೇಟು ಎತ್ತುತ್ತಾರೆ. ಊರಿನ ತೀರಾ ತಗ್ಗಾದ ಸಾನ್ ಮಾರ್ಕೊ ಚೌಕಕ್ಕೆ ಎಂಬತ್ತು ಚಿಲ್ಲರೆಗೇ ನೀರು ಬರಬಹುದು. ಅಂದರೆ ಗೇಟು ನೀರಿನ ತಳದಲ್ಲೇ ಮಲಗಿರುತ್ತದೆ, ಚೌಕದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರುತ್ತದೆ.

ಮಾಡಬೇಕಾದದ್ದು ಸುಲಭ. ನಗರಾಡಳಿತದ ಉಬ್ಬರ ಕೇಂದ್ರ ಮುಂದಿನ ದಿನಗಳ ಮುನ್ಸೂಚನೆ ಕೊಡುತ್ತದೆ. ‘ಹೈ ಟೈಡ್’ ಅನ್ನುವ ಆ್ಯಪ್ ಇದೆ. ರಾತ್ರಿ ಮಲಗುವ ಮುಂಚೆ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಉಬ್ಬರದ ತುದಿ ಅಂದರೆ ಸಾನ್ ಮಾರ್ಕೊ ಮಧ್ಯಾಹ್ನಕ್ಕೆ ಹಾಕಿಕೊಳ್ಳಿ. ಮೂರು-ನಾಲ್ಕು ಗಂಟೆಯಲ್ಲಿ ನೀರು ಇಳಿದಿರುತ್ತದೆ. ಬೀದಿಯಲ್ಲಿ ಬೆಂಚಿನಂಥ ಹಲಗೆ ದಾರಿ ಹಾಕಿದ್ದರೆ ಬಲಗಡೆ ಸಾಲಾಗಿ ನಡೆಯಿರಿ. ಸೆಲ್ಫಿಗೆ ನಿಂತರೆ ಹಿಂದಿನವರು ಬೈಯುತ್ತಾರೆ, ಬೈಯಲೇಬೇಕು.

ಜನವರಿ, ಫೆಬ್ರುವರಿಯಲ್ಲಿ ಇದರ ಉಲ್ಟಾ ಕೂಡ ಆಗುತ್ತದೆ. ಮೋಡವಿಲ್ಲದ ದಿನಗಳಲ್ಲಿ ಇಳಿತ ಜೋರಾಗಿ, ಸಣ್ಣ ಕಾಲುವೆಗಳ ತಳದ ಕೆಸರು ಕಾಣುತ್ತದೆ. ಗೊಂಡೋಲಾಗಳು ಕೆಸರಿನಲ್ಲಿ ಕೂತಿರುತ್ತವೆ. ನಮ್ಮ ಗಾಲಿ ಸಿಗುತ್ತದೇನೋ ಅಂತ ಇಣುಕಿ ನೋಡಿದೆವು. ಇಲ್ಲ.

7. ಓಡಾಟ

ವಪೊರೆಟ್ಟೊ ಅಂದರೆ ಅಲ್ಲಿನ ಸಿಟಿ ಬಸ್ಸು, ನೀರಿನ ಮೇಲೆ. ಒಂದು ಟಿಕೆಟ್ 9.50 ಯೂರೊ, 75 ನಿಮಿಷ ಚಾಲ್ತಿ. ಮೂರು ಸಲ ಹತ್ತುವ ದಿನವಿದ್ದರೆ ದಿನದ ಪಾಸೇ ಲಾಭ. ದೊಡ್ಡ ಕಾಲುವೆಯನ್ನು ಅಡ್ಡ ದಾಟಲು ‘ತ್ರಗೆತ್ತೊ’ ಅನ್ನುವ ಸಾದಾ ಗೊಂಡೋಲಾ ಇದೆ, 2 ಯೂರೊ, ಎರಡು ನಿಮಿಷ. ಸಿಂಗಾರದ ಗೊಂಡೋಲಾಕ್ಕೆ ನಿಗದಿ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ. ದರ ದೋಣಿಗೆ, ತಲೆಗಲ್ಲ. ಐದು ಜನ ಹಂಚಿಕೊಳ್ಳಬಹುದು. ದಟ್ಟ ಮಂಜಿದ್ದರೆ ಕೆಲವು ದೋಣಿಗಳ ದಾರಿ ಬದಲಾಗುತ್ತದೆ. ಬುರಾನೊ, ತೊರ್ಚೆಲ್ಲೊ ದ್ವೀಪಗಳನ್ನು ಬಿಸಿಲಿನ ದಿನಕ್ಕೇ ಎತ್ತಿಡಿ.

8. ಹೊಟ್ಟೆ

ಸಸ್ಯಾಹಾರಿಗಳು ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ’ ಕಲಿತುಕೊಳ್ಳಿ. ಮಾಂಸ ಬೇಡ, ಮೀನು ಬೇಡ ಅಂತ. ಎರಡನ್ನೂ ಹೇಳಬೇಕು. ಪೊಲೆಂತಾ ನಮಗೆ ಹೊಸದಲ್ಲ, ಅದು ಮೆಕ್ಕೆಜೋಳದ ಮುದ್ದೆಯೇ. ಚಳಿಗಾಲದ ಕೆಂಪು ರದಿಕ್ಕಿಯೊ ಸೊಪ್ಪಿನ ರಿಸೊಟ್ಟೊ ಸ್ವಲ್ಪ ಕಹಿ, ಒಳ್ಳೆ ರುಚಿ. ಕಾರ್ನಿವಲ್ ಹತ್ತಿರವಾದರೆ ಬೇಕರಿಗಳಲ್ಲಿ ಒಣದ್ರಾಕ್ಷಿ ಹಾಕಿ ಕರಿದ ‘ಫ್ರಿತೊಲೆ’ ಬರುತ್ತದೆ, ನಮ್ಮ ಮುಳ್ಕದ ದೂರದ ನೆಂಟ. ಕಾಫಿ ಕೌಂಟರ್‌ನಲ್ಲಿ ನಿಂತು ಕುಡಿಯಿರಿ. ಸಾನ್ ಮಾರ್ಕೊ ಚೌಕದಲ್ಲಿ ಕೂತರೆ ವಾದ್ಯಗೋಷ್ಠಿಯ ದುಡ್ಡೂ ಬಿಲ್ಲಿಗೆ ಸೇರುತ್ತದೆ.

9. ಈಗ ನೋಡುವ ಪಟ್ಟಿ

ಸಾನ್ ಮಾರ್ಕೊ ಬೆಸಿಲಿಕಾ, ದೋಜೆಯ (ಹಿಂದಿನ ವೆನಿಸ್ ಗಣರಾಜ್ಯದ ಮುಖ್ಯಸ್ಥ) ಅರಮನೆ ಯಾರೂ ಬಿಡುವುದಿಲ್ಲ. ನಾನು ಎರಡು ಸೇರಿಸುತ್ತೇನೆ. ಒಂದು, ಸಾನ್ ರೊಕ್ಕೊ ಸಂಘದ ಭವನ. ಗೋಡೆ, ಸೂರು ಪೂರ್ತಿ ತಿಂತೊರೆತ್ತೊನ ಚಿತ್ರಗಳು, 1564ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಬರೆದದ್ದು. ಮೇಲಿನ ಸಭಾಂಗಣದಲ್ಲಿ ಕೈಗನ್ನಡಿ ಇಟ್ಟಿರುತ್ತಾರೆ. ಅದನ್ನು ಹಿಡಿದು ತಲೆ ಬಗ್ಗಿಸಿದರೆ ಸೂರಿನ ಚಿತ್ರ ಅಂಗೈಗೆ ಬರುತ್ತದೆ. ಕತ್ತು ನೋಯುವುದಿಲ್ಲ. ಬೇಸಿಗೆಯಲ್ಲಿ ಹೀಗೆ ಕನ್ನಡಿ ಹಿಡಿದು ನಿಧಾನಕ್ಕೆ ಸುತ್ತಲು ಜಾಗ ಸಿಗುವುದು ಕಷ್ಟ.

ಇನ್ನೊಂದು, ಫ್ರಾ ಮೌರೊ ಅನ್ನುವ ವೆನಿಸ್ ಸನ್ಯಾಸಿಯ ಜಗತ್ತಿನ ನಕ್ಷೆ. 1450ರ ಸುಮಾರಿನದು, ಸಾನ್ ಮಾರ್ಕೊ ಚೌಕದ ಬಳಿಯ ಮಾರ್ಚಾನಾ ಗ್ರಂಥಾಲಯದ್ದು. ಅದರಲ್ಲಿ ದಕ್ಷಿಣ ಮೇಲಿದೆ, ಹಾಗಾಗಿ ನಮ್ಮ ದೇಶ ತಲೆಕೆಳಗು. ವೆನಿಸ್ ಪಕ್ಕದ ಕಿಯೋಜ್ಜಾದ ವ್ಯಾಪಾರಿ ನಿಕೊಲೊ ದೆ ಕೊಂತಿ 1420ರ ಸುಮಾರಿಗೆ ವಿಜಯನಗರ ನೋಡಿ ಬಂದಿದ್ದ. ಅವನು ಹೇಳಿದ ವಿವರಗಳೂ ಈ ನಕ್ಷೆಯಲ್ಲಿ ಸೇರಿವೆ ಅಂತ ವಿದ್ವಾಂಸರು ನಂಬುತ್ತಾರೆ. ಅವನ ನಂತರ, ತಾಳೀಕೋಟೆ ಯುದ್ಧ ಮುಗಿದು ಎರಡು ವರ್ಷಕ್ಕೆ, 1567ರಲ್ಲಿ ಚೆಸಾರೆ ಫೆದೆರಿಚಿ ಅನ್ನುವ ವೆನಿಸ್ ವ್ಯಾಪಾರಿ ವಿಜಯನಗರಕ್ಕೆ ಬಂದ. ಮನೆಗಳು ನಿಂತಿವೆ, ಜನ ಇಲ್ಲ, ಒಳಗೆ ಹುಲಿಗಳಿವೆ ಅಂತ ಬರೆದ. ಹಂಪಿ ನೋಡಿದವರು ಈ ನಕ್ಷೆಯ ಮುಂದೆ ಐದು ನಿಮಿಷ ಜಾಸ್ತಿ ನಿಲ್ಲುತ್ತಾರೆ.

10. ಹೊರಡುವ ದಿನ

ಬೆಳಗಿನ ವಿಮಾನ ಬೇಡ. ಮಂಜಿಗೆ ದೋಣಿ ನಿಧಾನವಾಗುತ್ತದೆ, ಉಬ್ಬರ ಬಂದರೆ ಸೇತುವೆಯ ಅಡಿ ದೋಣಿ ಹಿಡಿಸದೆ ಸುತ್ತು ಬಳಸಿ ಹೋಗುತ್ತದೆ. ಮಧ್ಯಾಹ್ನದ್ದು ಹಿಡಿದರೆ ನೀರಿಳಿದ ಮೇಲೆ ಹೊರಡಬಹುದು. ನಾವು ಹೊರಟದ್ದು ಹಾಗೆಯೇ, ಮೂರು ಗಾಲಿಯ ಸೂಟ್‌ಕೇಸ್ ಹಿಡಿದುಕೊಂಡು, ಈ ಸಲ ಏಳು ಸೇತುವೆ ಬಿಟ್ಟು ದೋಣಿಯಲ್ಲಿ.