ಆವರಿಕೆ ಹೂವನ್ನು ಬಿಸಿಲಿಗೆ ಹಾಕಬೇಡಿ

ಆವರಿಕೆ ಹೂವನ್ನು ಮಾಳಿಗೆಯ ಸುಡುಬಿಸಿಲಿಗೆ ಹರಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದೇನು ಬ್ಯಾಡಗಿ ಮೆಣಸಿನಕಾಯಿಯೇ? ಬಣ್ಣಗೆಟ್ಟ ಕಸವನ್ನು ಡಬ್ಬಿಗೆ ತುಂಬಿಟ್ಟು, ‘ಕಷಾಯಕ್ಕೆ ರುಚಿಯೇ ಇಲ್ಲ ಅಜ್ಜಿ’ ಎಂದು ನನ್ನ ಬಳಿಯೇ ದೂರುತ್ತಾರೆ.

ಚಳ್ಳಕೆರೆ, ಹಿರಿಯೂರು ಕಡೆಯ ಒಣಭೂಮಿಯಲ್ಲಿ ತಂಗಡಿ ಎಂದೂ ಕರೆಯುವ ಈ ಆವರಿಕೆ ಗಿಡಕ್ಕೆ ಬರವಿಲ್ಲ. ಹಾಗೆಂದು 48ನೇ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ, ಲಾರಿಯ ಹೊಗೆ ಕುಡಿದ ಹೂವನ್ನು ಕೀಳಬೇಡಿ. ಹೊಲದ ಬದುವಿಗೆ ನಡೆಯಿರಿ. ಹಳದಿ ಹೂವೆಲ್ಲ ಆವರಿಕೆಯಲ್ಲ. ಎಲೆಯ ಬುಡದಲ್ಲಿ ಕಿವಿಯಂಥ ಅಗಲ ಪುಟ್ಟೆಲೆ, ಕೊಂಬೆಯಲ್ಲಿ ಚಪ್ಪಟೆ ಕಾಯಿ ಇದ್ದರೆ ಮಾತ್ರ ಕೈ ಹಾಕಿ. ಹಳದಿ ಕಣಗಿಲೆ ವಿಷ, ಅದರ ಹತ್ತಿರ ಸುಳಿಯಬೇಡಿ.

ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಬಿಡಿಸಿ. ತೊಳೆಯಬೇಡಿ, ಮೊರದಲ್ಲಿ ಮೆಲ್ಲಗೆ ಕೇರಿದರೆ ಇರುವೆ ಉದುರುತ್ತವೆ. ನಡುಮನೆಯಲ್ಲಿ, ಗಾಳಿಯಾಡುವ ಕಡೆ ಹಳೆಯ ಹತ್ತಿ ಪಂಚೆ ಹಾಸಿ, ಹೂವಿನ ಮೇಲೆ ಹೂವು ಬೀಳದಂತೆ ಹರಡಿ. ಇನ್ನು ಮುಖ್ಯವಾದ ಮಾತು: ಕೈಯಿಂದ ಮಗುಚಬೇಡಿ. ಬೆವರಿನ ಕೈ ತಾಗಿದ ಎಸಳು ಕಪ್ಪಾಗುತ್ತದೆ. ಪಂಚೆಯ ಎರಡು ತುದಿ ಹಿಡಿದು ಮೆಲ್ಲಗೆ ಎತ್ತಿ, ಹೂವು ತಾನೇ ಉರುಳಲಿ. ಆಮೇಲೆ ಇನ್ನೆರಡು ತುದಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಮ್ಮ ಅತ್ತೆ ಈ ಕೆಲಸವನ್ನು ಸೊಸೆಯಂದಿರಿಗೂ ಬಿಡುತ್ತಿರಲಿಲ್ಲ. ಫ್ಯಾನ್ ಹಾಕಿದರೆ ಎದ್ದುಬಂದು ಆರಿಸುತ್ತಿದ್ದರು. ಒಣಗಿತೇ ಎಂದು ನೋಡಲು ಎಸಳು ಮುರಿದಾಗ ಚಟ್ಟೆಂದರೆ ಸಾಲದು, ತೊಟ್ಟೂ ಮುರಿಯಬೇಕು. ತೊಟ್ಟಿನಲ್ಲಿ ಹಸಿ ಉಳಿದರೆ ಬೂಷ್ಟು ಖಂಡಿತ.

ತುಂಬುವುದು ಗಾಜಿನ ಬಾಟಲಿಗೆ. ಉಪ್ಪಿನಕಾಯಿ ಇಟ್ಟಿದ್ದ ಬಾಟಲಿ ಬೇಡ, ಎಷ್ಟು ತೊಳೆದರೂ ಮುಚ್ಚಳದ ವಾಸನೆ ಹೋಗುವುದಿಲ್ಲ.

ಕಷಾಯಕ್ಕೆ ಒಂದು ಚಿಟಿಕೆ ಹೂವು ಹಾಕಿ, ನೀರು ಹಳದಿ ತಿರುಗುವವರೆಗೆ ಕುದಿಸಿ, ಅಷ್ಟೇ. ಸಕ್ಕರೆ ಕಾಯಿಲೆಯವರು ಇದಕ್ಕೆ ಬೆಲ್ಲ ಹಾಕಿಕೊಂಡು ಕುಡಿಯುವುದನ್ನೂ ನೋಡಿದ್ದೇನೆ! ಕಷಾಯ ಕುಡಿಯುತ್ತೇನೆಂದು ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯ ಜೊತೆ ಇದನ್ನೂ ಕುಡಿಯುವುದಾದರೆ ಅವರನ್ನೇ ಕೇಳಿ. ಬಸುರಿಯರಿಗೆ ಕೊಡಬೇಡಿ. ಬಾಟಲಿಯ ತಳದಲ್ಲಿ ಉಳಿದ ಪುಡಿಯನ್ನು ಹೆಸರುಹಿಟ್ಟಿಗೆ ಬೆರೆಸಿ ಮೈಗೆ ಹಚ್ಚಿಕೊಂಡು ಸ್ನಾನ ಮಾಡಿ, ಚೆಲ್ಲಬೇಡಿ.