ಮಿಕ್ಕ ಉಲ್ಲನ್ನಿನ ಪಟ್ಟೆ ಹೊದಿಕೆ: ಅಂಚು ಓರೆಯಾಗದಂತೆ ಹೆಣೆಯುವುದು ಹೇಗೆ?

ಹಳೆ ಸೀರೆಗೆ ಕೌದಿ ಹೇಗೋ, ಸ್ವೆಟರ್ ಹೆಣೆದು ಮಿಕ್ಕ ಉಲ್ಲನ್ ಉಂಡೆಗಳಿಗೆ ಕ್ರೋಶಾ ಪಟ್ಟೆ ಹೊದಿಕೆ ಹಾಗೆ. ದಾನಕ್ಕೆಂದು ಹೆಣೆಯಲು ಕೂತವರು ಬಣ್ಣ ಹೊಂದಿಸುವುದರಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ. ಹೊದಿಕೆ ಕೆಡುವುದು ಬಣ್ಣದಿಂದಲ್ಲ, ಅಂಚಿನಿಂದ.

ಕೂಸಿನ ಹೊದಿಕೆಗೆ 75×90 ಸೆಂ.ಮೀ. ಸಾಕು. ಸ್ವೆಟರಿನ ಮಾಮೂಲಿ ದಪ್ಪದ ಉಲ್ಲನ್ 350ರಿಂದ 400 ಗ್ರಾಂ, 5 ಮಿ.ಮೀ. ಕ್ರೋಶಾ ಕಡ್ಡಿ ಬೇಕು. ತೆಳು ನೂಲಿದ್ದರೆ ಎರಡೆಳೆ ಸೇರಿಸಿ. ಮಿಂಚಿನೆಳೆ, ತುಪ್ಪಳದ ನೂಲು ಎಷ್ಟೇ ಚೆಂದವಿದ್ದರೂ ಪಕ್ಕಕ್ಕಿಡಿ, ಕೂಸು ಬಾಯಿಗಿಟ್ಟುಕೊಳ್ಳುತ್ತದೆ. ಲೇಬಲ್ ಕಳೆದುಹೋದ ಉಂಡೆಯಿಂದ ಒಂದಿಂಚು ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಅಪ್ಪಟ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಎಂಬ ಕೃತಕ ನೂಲು. ಎರಡನ್ನೂ ಬೆರೆಸಬೇಡಿ. ಬಿಸಿನೀರಿನಲ್ಲಿ ಒಗೆದಾಗ ಉಣ್ಣೆಯ ಪಟ್ಟೆ ಮಾತ್ರ ಕುಗ್ಗಿ ಹೊದಿಕೆ ಸೊಟ್ಟಗಾಗುತ್ತದೆ. ದಾನಕ್ಕೆ ಅಕ್ರಿಲಿಕ್ಕೇ ಸರಿ. ಕೆಂಪು ಬಣ್ಣವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡದೆ ಸೇರಿಸಬೇಡಿ.

ಒಂದು ಸಾಲಿಗೆ ಸುಮಾರು 5 ಗ್ರಾಂ ಹಿಡಿಯುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ 12 ಗ್ರಾಂ ತೂಗಿದ ಉಂಡೆ ಎರಡು ಸಾಲಿಗಾಯಿತು. ಸಾಲಿನ ನಡುವೆ ನೂಲು ಮುಗಿದರೆ ಪಟ್ಟೆ ಹರಕಾಗಿ ಕಾಣುತ್ತದೆ.

6 ಮಿ.ಮೀ. ಕಡ್ಡಿಯಲ್ಲಿ 107 ಚೈನ್ (ಸರಪಳಿ ಕುಣಿಕೆ) ಹಾಕಿ. ತಳದ ಚೈನ್ ಬಿಗಿಯಾದರೆ ಹೊದಿಕೆಯ ಬುಡ ಚೀಲದ ಬಾಯಿಯಂತೆ ಸುಕ್ಕುಗಟ್ಟುತ್ತದೆ, ಅದಕ್ಕೇ ದಪ್ಪ ಕಡ್ಡಿ. ಆಮೇಲೆ 5ರ ಕಡ್ಡಿಗೆ ಬನ್ನಿ. ಕಡ್ಡಿಯ ಕಡೆಯಿಂದ ಎಣಿಸಿದ ಮೊದಲ ಮೂರು ಚೈನ್ ಒಂದು ಕಂಬದ ಲೆಕ್ಕ. ನಾಲ್ಕನೆಯದರಿಂದ ಕಂಬ, ಅಂದರೆ ಡಬಲ್ ಕ್ರೋಶಾ, ಹಾಕುತ್ತಾ ಹೋದರೆ ಒಟ್ಟು 105. (ಬ್ರಿಟಿಷ್ ಪುಸ್ತಕಗಳಲ್ಲಿ ಇದಕ್ಕೇ ಟ್ರೆಬಲ್ ಎನ್ನುತ್ತಾರೆ, ಮೋಸ ಹೋಗಬೇಡಿ.)

ಎಡವುವುದು ಇನ್ನು ಮುಂದೆ. ಸಾಲು ಮುಗಿಸಿ ಹೊರಳಿಸಿದಾಗ ಮೂರು ಚೈನ್ ಹಾಕುತ್ತೀರಿ. ಅದೇ ಹೊಸ ಸಾಲಿನ ಮೊದಲ ಕಂಬ. ಆದ್ದರಿಂದ ಮುಂದಿನ ಕಂಬ ಹೋಗಬೇಕಾದದ್ದು ಬುಡದಲ್ಲಿರುವ ಮೊದಲ ಕಂಬಕ್ಕಲ್ಲ, ಎರಡನೆಯದಕ್ಕೆ. ಬುಡಕ್ಕೇ ಹಾಕಿದರೆ ಸಾಲಿಗೊಂದು ಹೆಚ್ಚುತ್ತದೆ. ಇನ್ನೊಂದು ತುದಿಯಲ್ಲಿ ಇದಕ್ಕೆ ತದ್ವಿರುದ್ಧ: ಕೆಳಗಿನ ಸಾಲಿನ ಆ ಮೂರು ಚೈನ್ ಕಂಬದಂತೆ ಕಾಣದೆ, ಬದಿಗೆ ಸುರುಳಿಕೊಂಡು ಅಡಗಿರುತ್ತದೆ. ಅದರ ತುದಿಗೆ ಕೊನೆಯ ಕಂಬ ಹಾಕಲು ಮರೆತರೆ ಒಂದು ಕಡಿಮೆ. ಇಡೀ ಹೊದಿಕೆಯ 72 ಸಾಲಿನಲ್ಲಿ ಎರಡನೆಯದರಿಂದ ಹೀಗೇ ಮರೆಯುತ್ತಾ ಹೋದರೆ ಮೇಲೆ ಉಳಿಯುವುದು 34 ಕಂಬ! ಮೂರನೇ ಚೈನ್ ಹಾಕಿದ ಕೂಡಲೇ ಅದಕ್ಕೊಂದು ಪಿನ್ನು ಚುಚ್ಚಿ. ಮರಳಿ ಬರುವಾಗ ಪಿನ್ನಿದ್ದಲ್ಲೇ ಕಂಬ ಹಾಕಿ, ಪಿನ್ನು ತೆಗೆಯಿರಿ. ಪ್ರತಿ ನಾಲ್ಕು ಸಾಲಿಗೊಮ್ಮೆ ಎಣಿಸಿ. 104 ಬಂದರೆ ಬಿಚ್ಚಿ. ಮುಂದಿನ ಸಾಲಲ್ಲಿ ಒಂದು ಹೆಚ್ಚಿಗೆ ಹಾಕಿ ಸರಿದೂಗಿಸುವ ಜಾಣತನ ಬೇಡ, ಅಂಚಿನಲ್ಲಿ ಗೂನು ಬೀಳುತ್ತದೆ.

ಬಣ್ಣ ಬದಲಿಸುವುದು ಹೊಸ ಸಾಲಿನಲ್ಲಲ್ಲ, ಹಳೆಯ ಸಾಲಿನ ಕೊನೆಯ ಕಂಬದಲ್ಲೇ: ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹೊಸ ನೂಲನ್ನು ಎಳೆದುಕೊಳ್ಳಿ. ಎರಡೂ ನೂಲಿನ ಬಾಲ 15 ಸೆಂ.ಮೀ. ಬಿಡಿ. ಗಂಟು ಹಾಕಿ ಬುಡಕ್ಕೆ ಕತ್ತರಿಸುವ ಸುಲಭದ ದಾರಿ ಹತ್ತು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ; ಸಡಿಲ ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡರೆ ಅಪಾಯ. ಮೊಂಡು ಸೂಜಿಯಲ್ಲಿ ಅದೇ ಬಣ್ಣದೊಳಗೆ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಹಾಯಿಸಿ. ಆಯಾ ದಿನದ ಬಾಲ ಆಯಾ ದಿನ ಮುಗಿಸಿ, ಇಲ್ಲದಿದ್ದರೆ ಕೊನೆಗೆ ಎಪ್ಪತ್ತು ಬಾಲ ಕಾದಿರುತ್ತವೆ.

ಸುತ್ತ ಒಂದು ಸಾಲು ಸಿಂಗಲ್ ಕ್ರೋಶಾ (ಕಂಬಕ್ಕಿಂತ ಗಿಡ್ಡ ಹೆಣಿಗೆ): ಬದಿಯಲ್ಲಿ ಪ್ರತಿ ಕಂಬಕ್ಕೆ ಎರಡು, ಮೂಲೆಗೆ ಮೂರು.

ಒಗೆದು ನೆರಳಲ್ಲಿ ಹಾಸಿ ಒಣಗಿಸಿ. ಇಸ್ತ್ರಿ ತಾಗಿಸಿದರೆ ಅಕ್ರಿಲಿಕ್ ಸತ್ತಂತೆ ಚಪ್ಪಟೆಯಾಗುತ್ತದೆ, ಮತ್ತೆ ಮೇಲೇಳುವುದಿಲ್ಲ. ನುಸಿಗುಳಿಗೆಯ ಜೊತೆ ಇಟ್ಟ ಉಲ್ಲನ್ ಕೂಸುಗಳಿಗೆ ಬೇಡವೇ ಬೇಡ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಕೊರತೆಯಿರುವ ಶಿಶುಗಳಲ್ಲಿ ಆ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಕೊಡಬೇಕೆಂದಿರುವಲ್ಲಿಗೆ ಹೆಣೆಯುವ ಮುಂಚೆಯೇ ಫೋನ್ ಮಾಡಿ ಅಳತೆ ಕೇಳಿ. ವೃದ್ಧಾಶ್ರಮಕ್ಕಾದರೆ 100×150 ಸೆಂ.ಮೀ. ಇರಲಿ: 142 ಚೈನಿನಿಂದ ಶುರು, ಉಲ್ಲನ್ ಸುಮಾರು 850 ಗ್ರಾಂ.