ಎಸ್390ಎಕ್ಸ್ ಅಸೆಂಬ್ಲಿ: ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನು ನಾನು ಬಳಸಿದ ರೀತಿ

ಐಬಿಎಂ ಮೇನ್‌ಫ್ರೇಮ್ ಮೇಲೆ ಓಡುವ ಲಿನಕ್ಸ್‌ಗೆ, ಅಂದ್ರೆ ಎಸ್390ಎಕ್ಸ್‌ಗೆ, ಒಂದು ಗಣಿತದ ಲೈಬ್ರರಿಯನ್ನು ಪೋರ್ಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಳಗಿನ ಲೂಪ್‌ಗಳನ್ನು ಅಸೆಂಬ್ಲಿಯಲ್ಲೇ ಬರೆಯಬೇಕಿತ್ತು. ಹಾಗಾಗಿ ಎಬಿಐ, ಅಂದ್ರೆ ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ಪಾಲಿಸಬೇಕಾದ ನಿಯಮಗಳ ದಾಖಲೆಯ ರಿಜಿಸ್ಟರ್ ಟೇಬಲ್‌ನಿಂದಲೇ ಶುರು ಮಾಡಿದೆ. ರಿಜಿಸ್ಟರ್ ಅಂದ್ರೆ ಪ್ರೊಸೆಸರ್ ಒಳಗೇ ಬೆಲೆ ಇಡುವ ಪುಟ್ಟ ಜಾಗ.

ಡಬಲ್ (64 ಬಿಟ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ) ಆರ್ಗ್ಯುಮೆಂಟ್‌ಗಳು ಬರುವುದು ಎಫ್0, ಎಫ್2, ಎಫ್4, ಎಫ್6 ಎಂಬ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳಲ್ಲಿ. ಐದನೆಯದು ಸ್ಟ್ಯಾಕ್‌ಗೆ ಹೋಗುತ್ತದೆ. ಉತ್ತರ ಎಫ್0ರಲ್ಲಿ. ನಡುವಿನ ಬೆಸ ನಂಬರ್‌ಗಳನ್ನು ಯಾಕೆ ಬಿಟ್ಟರು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? 1964ರ ಸಿಸ್ಟಂ/360ರಲ್ಲಿ ಇದ್ದದ್ದೇ ಈ ನಾಲ್ಕು. ಉಳಿದ 12 ಬಂದದ್ದು 1998ರ ಜಿ5 ಯಂತ್ರದಲ್ಲಿ, ಐಇಇಇ ಮಾನದಂಡದ ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಜೊತೆಗೆ. 128 ಬಿಟ್ ಸಂಖ್ಯೆಗಳ ಜೋಡಿಯೂ ಹಾಗೇ: 0 ಮತ್ತು 2, 4 ಮತ್ತು 6, 1 ಮತ್ತು 3. ಇಷ್ಟು ತಿಳಿದ ಮೇಲೆ ಟೇಬಲ್ಲನ್ನು ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ.

ಎಫ್8ರಿಂದ ಎಫ್15ರವರೆಗಿನ ಬೆಲೆಗಳನ್ನು ಕರೆಸಿಕೊಂಡ ಫಂಕ್ಷನ್ ಕಾಪಾಡಬೇಕು. ಎಫ್0ರಿಂದ ಎಫ್7 ಹೇಗೆ ಬೇಕಾದರೂ ಬಳಸಬಹುದು. ಇದು 64 ಬಿಟ್ ನಿಯಮ ಮಾತ್ರ. ಹಳೆಯ 31 ಬಿಟ್ ಎಬಿಐಯಲ್ಲಿ ಕಾಪಾಡಬೇಕಾದದ್ದು ಎಫ್4 ಮತ್ತು ಎಫ್6. ಹಳೆಯ ಕೋಡನ್ನು ಸುಮ್ನೆ ನಕಲು ಮಾಡಿದರೆ ಲೆಕ್ಕವೇ ತಪ್ಪುತ್ತದೆ.

ನಾನು ಜಾಸ್ತಿ ಹೊತ್ತು ಕೂತು ಓದಿದ್ದು ಸೇವ್ ಏರಿಯಾ, ಅಂದ್ರೆ ರಿಜಿಸ್ಟರ್ ಬೆಲೆಗಳನ್ನು ಉಳಿಸಿಡುವ ಜಾಗದ ಭಾಗವನ್ನು. ಕರೆಯುವವರು ಸ್ಟ್ಯಾಕ್‌ನಲ್ಲಿ 160 ಬೈಟ್ ಬಿಟ್ಟಿರುತ್ತಾರೆ. ಸಾಮಾನ್ಯ ರಿಜಿಸ್ಟರ್‌ಗಳಾದ ಆರ್6ರಿಂದ ಆರ್15 ಅನ್ನು ಅದರ ಆಫ್‌ಸೆಟ್ 48ರಿಂದ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಇಡಬಹುದು. ಆದರೆ 128ರಿಂದ ಇರುವ ಕೊನೆಯ ನಾಲ್ಕು ಜಾಗ ಎಫ್0, ಎಫ್2, ಎಫ್4, ಎಫ್6ಕ್ಕೆ. ಕಾಪಾಡಲೇಬೇಕಾದ ಎಫ್8ಕ್ಕೆ ಅಲ್ಲಿ ಜಾಗವೇ ಇಲ್ಲ! ಕಾರಣ ಇದೆ. ಪ್ರಿಂಟ್‌ಎಫ್ ತರಹದ ಫಂಕ್ಷನ್‌ಗಳಿಗೆ ಎಷ್ಟು ಆರ್ಗ್ಯುಮೆಂಟ್ ಬರುತ್ತವೆ ಅಂತ ಮೊದಲೇ ಗೊತ್ತಿರುವುದಿಲ್ಲ. ಅವು ರಿಜಿಸ್ಟರ್‌ನಲ್ಲಿ ಬಂದವನ್ನು ಅಲ್ಲಿ ಇಳಿಸಿ, ಆಮೇಲೆ ಒಂದೊಂದಾಗಿ ಎತ್ತಿಕೊಳ್ಳುತ್ತವೆ. ಹಾಗಾಗಿ ಎಫ್8 ಮತ್ತು ಅದರ ಮುಂದಿನವಕ್ಕೆ ನನ್ನದೇ ಫ್ರೇಮ್‌ನಲ್ಲಿ ಜಾಗ ಮಾಡಿಕೊಂಡೆ.

ಡೀಬಗ್ ಮಾಹಿತಿಗೆ ಡ್ವಾರ್ಫ್ ನಂಬರ್ ಬೇಕು. ಡ್ವಾರ್ಫ್ ಅಂದ್ರೆ ಡೀಬಗರ್ ಓದುವ ಮಾಹಿತಿಯ ಒಂದು ನಮೂನೆ; ಅದರಲ್ಲಿ ಪ್ರತಿ ರಿಜಿಸ್ಟರ್‌ಗೂ ಒಂದು ನಂಬರ್ ಇದೆ. ಅಲ್ಲೂ ಜೋಡಿಯ ಕ್ರಮವೇ: 24 ಅಂದರೆ ಎಫ್8, 25 ಅಂದರೆ ಎಫ್10. ಎಫ್9ಕ್ಕೆ 28. ನಾನು ನಂಬರ್ ಬಿಟ್ಟು ರಿಜಿಸ್ಟರ್ ಹೆಸರನ್ನೇ ಬರೆದೆ. ಅಸೆಂಬ್ಲರ್ ತಾನೇ ಸರಿ ಹೊಂದಿಸುತ್ತದೆ.

ಪರೀಕ್ಷೆಗೆ ಅಸೆಂಬ್ಲಿಯಲ್ಲೇ ಒಂದು ಪುಟ್ಟ ಹೊದಿಕೆ ಬರೆದೆ. ಅದು ಎಫ್8ರಿಂದ ಎಫ್15ಕ್ಕೆ ಬೇರೆ ಬೇರೆ ಬೆಲೆ ತುಂಬಿ, ನನ್ನ ಫಂಕ್ಷನ್ ಕರೆದು, ವಾಪಸ್ ಬಂದಾಗ ಬಿಟ್ ಬಿಟ್ ಹೋಲಿಸುತ್ತದೆ. ಸಿ ಭಾಷೆಯಲ್ಲಿ ಬರೆದರೆ ಕಂಪೈಲರ್ ಯಾವ ಬೆಲೆಯನ್ನು ಎಲ್ಲಿ ಇಡುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

2015ರ ಜಡ್13ರಿಂದ 32 ವೆಕ್ಟರ್ ರಿಜಿಸ್ಟರ್‌ಗಳಿವೆ, ಒಂದೊಂದೂ 128 ಬಿಟ್. ಎಫ್8 ಎಂಬುದು ವಿ8ರ ಎಡಗಡೆಯ 64 ಬಿಟ್. ಕಾಪಾಡಬೇಕಾದದ್ದು ಆ ಅರ್ಧ ಮಾತ್ರ. ಅಂದರೆ ವಿ8ರಲ್ಲಿ ಪೂರ್ತಿ ವೆಕ್ಟರ್ ಇಟ್ಟು ಬೇರೆ ಫಂಕ್ಷನ್ ಕರೆದರೆ ಬಲಗಡೆಯ ಅರ್ಧ ಉಳಿಯುವ ಭರವಸೆ ಇಲ್ಲ. ಅದಕ್ಕೇ ನನ್ನ ವೆಕ್ಟರ್ ಲೂಪ್‌ಗಳು ಬೇರೆ ಯಾವ ಫಂಕ್ಷನ್ನನ್ನೂ ಕರೆಯದ ಹಾಗೆ ಬರೆದೆ. ಅವುಗಳ ಕೆಲಸವೆಲ್ಲ ವಿ16ರಿಂದ ವಿ31ರಲ್ಲೇ ನಡೆಯುತ್ತದೆ. ಅಲ್ಲಿ ಏನನ್ನೂ ಉಳಿಸಿಡಬೇಕಾಗಿಲ್ಲ.